ಅರಿಯದೆ ತಗುಲಿದ ಗಾಯದ ಹೊಣೆ

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರವನ್ನು ಒಯ್ಯುವ ಮೂತ್ರನಾಳವು ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದದ, ಕೆಲವೇ ಮಿಲಿಮೀಟರ್ ದಪ್ಪದ ಕೊಳವೆ. ಎಡಬದಿಯಲ್ಲಿ ಅದು ದೊಡ್ಡ ಕರುಳಿನ ಕೆಳಭಾಗಕ್ಕೆ ತೀರ ಹತ್ತಿರದಲ್ಲಿ ಇಳಿಯುವುದರಿಂದ, ಅಲ್ಲಿನ ಗಡ್ಡೆಯನ್ನೋ ರೋಗಗ್ರಸ್ತ ಕರುಳನ್ನೋ ತೆಗೆಯುವಾಗ ತುಂಡಾಗುವ, ಹೊಲಿಗೆಯ ಗಂಟಿಗೆ ಸಿಲುಕುವ ಅಥವಾ ರಕ್ತ ನಿಲ್ಲಿಸುವ ಉಪಕರಣದ ಕಾವಿಗೆ ಸುಡುವ ಅಪಾಯ ಇದ್ದೇ ಇದೆ. ಸೋಂಕಿನಿಂದಲೋ ಹಿಂದಿನ ಶಸ್ತ್ರಚಿಕಿತ್ಸೆಯಿಂದಲೋ ಒಳಗಿನ ಪದರಗಳು ಅಂಟಿಕೊಂಡಿದ್ದರೆ ನುರಿತ ಕಣ್ಣಿಗೂ ನಾಳದ ಗುರುತು ತಪ್ಪಬಹುದು. ಗುಣಪಡಿಸಲೆಂದೇ ತೊಡಗಿದ ಕೈಯಿಂದ ಬಯಸದೆ ಆದ ಇಂಥ ಕೇಡು ಯಾವ ಅರ್ಥದಲ್ಲಿ ಆ ವೈದ್ಯನದು ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು.

ಯಾಜ್ಞವಲ್ಕ್ಯ ಸ್ಮೃತಿಯ ಪ್ರಾಯಶ್ಚಿತ್ತ ಭಾಗವು, ಉಪಕಾರವೆಂದು ಚಿಕಿತ್ಸೆ ಮಾಡುತ್ತಿರುವಾಗ ರೋಗಿ ಸತ್ತರೆ ಪಾಪವಿಲ್ಲ ಎನ್ನುತ್ತದೆ. ಅದೇ ಸ್ಮೃತಿಯ ವ್ಯವಹಾರ ಭಾಗ, ಎಂದರೆ ನ್ಯಾಯನಿರ್ಣಯದ ಭಾಗ, ತಪ್ಪು ಚಿಕಿತ್ಸೆ ಮಾಡಿದವನಿಗೆ ದಂಡ ವಿಧಿಸುತ್ತದೆ. ಎರಡು ವಿಧಿಗಳನ್ನು ಒಟ್ಟಿಗೆ ಓದಿದಾಗ, ಫಲ ಕೆಟ್ಟಿತೆಂಬುದೊಂದೇ ದೋಷಕ್ಕೆ ಆಧಾರವಲ್ಲ, ಉದ್ದೇಶ ಒಳ್ಳೆಯದಿತ್ತೆಂಬುದೊಂದೇ ರಕ್ಷೆಯೂ ಅಲ್ಲ ಎಂಬ ನಿಲುವು ಹೊರಡುತ್ತದೆ.

ದೋಷಕ್ಕೂ ನಿರ್ದೋಷಕ್ಕೂ ನಡುವಿನ ಗೆರೆಯನ್ನು ಹೆಚ್ಚು ನಿಖರವಾಗಿ ಎಳೆದವರು ಜೈನ ದಾರ್ಶನಿಕರು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದದೊಂದಿಗೆ, ಎಂದರೆ ರಾಗದ್ವೇಷಗಳಿಂದಲೋ ಎಚ್ಚರಗೇಡಿತನದಿಂದಲೋ ಕೂಡಿದ ಪ್ರವೃತ್ತಿಯೊಂದಿಗೆ, ಬೆಸೆದು ವಿವರಿಸುತ್ತದೆ; ಕುಂದಕುಂದಾಚಾರ್ಯರ ಪ್ರವಚನಸಾರವು ಇನ್ನೂ ಮುಂದೆ ಹೋಗಿ, ಜೀವಿ ಸಾಯಲಿ ಬದುಕಲಿ, ಎಚ್ಚರ ತಪ್ಪಿ ನಡೆಯುವವನಿಗೆ ಹಿಂಸೆಯ ದೋಷ ಖಚಿತವೆಂದೂ, ಎಚ್ಚರದಿಂದ ನಡೆಯುವವನಿಗೆ ಆಕಸ್ಮಿಕ ವಧೆಯಷ್ಟರಿಂದಲೇ ಕರ್ಮಬಂಧವಿಲ್ಲವೆಂದೂ ಹೇಳುತ್ತದೆ. ಇದರ ಮೊದಲರ್ಧವೇ ಹೆಚ್ಚು ಕಠಿಣವಾದದ್ದು: ನಾಳವನ್ನು ಗುರುತಿಸದೆ ಕತ್ತರಿಯಾಡಿಸಿದವನಿಗೆ ಅದೃಷ್ಟವಶಾತ್ ಏನೂ ತಗುಲದಿದ್ದರೂ ಅವನು ನಿರ್ದೋಷಿಯಾಗುವುದಿಲ್ಲ.

ಆದರೆ ಈ ಎಚ್ಚರವನ್ನು ಕೊಯ್ಯುವ ಗಳಿಗೆಗಷ್ಟೇ ಸೀಮಿತಗೊಳಿಸಿದರೆ ವಿಚಾರ ಅರ್ಧದಲ್ಲೇ ನಿಲ್ಲುತ್ತದೆ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಪತ್ತೆಯಾದ ಗಾಯವನ್ನು ಸಾಮಾನ್ಯವಾಗಿ ಅಲ್ಲೇ ಹೊಲಿದು, ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಆಸರೆ ಕೊಳವೆಯನ್ನಿಟ್ಟು ಸರಿಪಡಿಸಬಹುದು. ಪತ್ತೆಯಾಗದೆ ಉಳಿದದ್ದು ಹೊಟ್ಟೆಯೊಳಗೆ ಮೂತ್ರ ಸೋರಿ, ಜ್ವರ ಮತ್ತು ನಂಜಿಗೆ ಎಡೆಮಾಡಿ, ಕೆಲವೊಮ್ಮೆ ಮೂತ್ರಪಿಂಡವನ್ನೇ ಕಳೆಯುತ್ತದೆ. ಹಾಗಾಗಿ ಹೊಟ್ಟೆ ಮುಚ್ಚುವ ಮುನ್ನ ಮತ್ತೊಮ್ಮೆ ನೋಡುವುದು, ನಂತರದ ದಿನಗಳಲ್ಲಿ ರೋಗಿಯ ನೋವಿನ ಹಿಂದೆ ಇಂಥ ಗಾಯವಿರಬಹುದೇ ಎಂದು ಪರೀಕ್ಷಿಸುವುದು ಇವೂ ಅಪ್ರಮಾದದ ಅಂಗಗಳೇ. ಗಾಯ ಆಕಸ್ಮಿಕವಾಗಿದ್ದರೂ ಅದನ್ನು ಹುಡುಕದಿರುವುದು ಆಕಸ್ಮಿಕವಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದ ಮೇಲೂ ವೈದ್ಯನಲ್ಲಿ ವಿಷಾದ ಉಳಿಯಬಹುದು. ಇಂಗ್ಲೆಂಡಿನ ದಾರ್ಶನಿಕ ಬರ್ನಾರ್ಡ್ ವಿಲಿಯಮ್ಸ್ 1976ರಲ್ಲಿ, ತಪ್ಪಿಲ್ಲದೆಯೂ ಕೇಡಿಗೆ ಕಾರಣನಾದವನು ಪಡುವ ವಿಷಾದವು ನೋಡಿದವರ ಮರುಕಕ್ಕಿಂತ ಬೇರೆಯ ಬಗೆಯದು ಎಂದು ವಾದಿಸಿದರು. ಆ ವಿಷಾದಕ್ಕೆ ನಿಜವಾದ ಕೆಲಸವೊಂದಿದೆ: ನಡೆದದ್ದನ್ನು ರೋಗಿಗೆ ತಿಳಿಸುವುದು. ಕರ್ಮಬಂಧವಿಲ್ಲವೆಂಬ ಸಮಾಧಾನ ವೈದ್ಯನದ್ದಾದರೆ, ಎರಡನೆಯ ಶಸ್ತ್ರಚಿಕಿತ್ಸೆಗೆ ಮೈಯೊಡ್ಡಬೇಕಾದ ರೋಗಿಗೆ ತನ್ನೊಳಗೆ ಏನಾಯಿತೆಂದು ತಿಳಿಯುವ ಹಕ್ಕಿದೆ. ಅದನ್ನು ಆ ವೈದ್ಯನೇ, ತಡಮಾಡದೆ, ಅರ್ಥವಾಗುವ ಮಾತಿನಲ್ಲಿ ರೋಗಿಯ ಮುಂದೆ ಕುಳಿತು ಹೇಳಬೇಕು.