ಮಗುವಿನ ಮಾತೂ ಕೇಳುವವರ ಕರ್ತವ್ಯವೂ

ವ್ಯಾಕರಣ ತಪ್ಪಿದ ಮಾತು ಮಾತಲ್ಲವೋ? ಸ್ವಲೀನತೆ, ಅಂದರೆ ವೈದ್ಯರು ಆಟಿಸಂ ಅನ್ನುವ ಸ್ಥಿತಿಯುಳ್ಳ ಮಕ್ಕಳ ನಿಮಿತ್ತ ನಾವು ಇದನ್ನು ಕೇಳುತ್ತೇವೆ.

ತಾಯಿಯು “ನಿನಗೆ ನೀರು ಬೇಕೇ?” ಅಂದರೆ ಇಂಥ ಮಕ್ಕಳಲ್ಲಿ ಕೆಲವರು ಅದನ್ನೇ ತಿರುಗಿ ನುಡಿಯುವರು, ಮುಂದೆ ಬಾಯಾರಿದಾಗಲೂ ಅದನ್ನೇ ನುಡಿಯುವರು. ನೆರೆಯವರು ಗಿಳಿಪಾಠವೆಂದು ನಗುವರು. 1943ರಲ್ಲಿ ಅಮೇರಿಕದ ವೈದ್ಯರಾದ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದಾಗ ಈ ಮರುನುಡಿಯನ್ನೂ, ‘ನಾನು’ ‘ನೀನು’ ಅದಲುಬದಲಾಗುವದನ್ನೂ ಗುರುತಿಸಿದರು.

ಇದಕ್ಕೆ ಕಾರಣವನ್ನು ಆಲೋಚಿಸಿರಿ. ‘ಮರ’ವು ಯಾರ ಬಾಯಲ್ಲಿಯೂ ಮರವೇ. ‘ನಾನು’ ಎಂಬದಾದರೋ ಆಡುವವನು ಬದಲಾದ ಹಾಗೆ ಬದಲಾಗುವದು. ನಮ್ಮ ಕನ್ನಡದಲ್ಲಿ ಕ್ರಿಯಾಪದದ ಕೊನೆಯೂ ಅದರೊಂದಿಗೆ ತಿರುಗಬೇಕು: ನಾನು ಬಂದೆನು, ನೀನು ಬಂದೆ, ಅವನು ಬಂದನು. ವಾಕ್ಯವನ್ನು ಇಡಿಯಾಗಿ ಹಿಡಿದುಕೊಂಡ ಮಗುವು ಪ್ರತ್ಯಯವನ್ನು ತಿರುಗಿಸದೆ ಹಾಗೆಯೇ ಒಪ್ಪಿಸುವದು. ಮರುನುಡಿಯೆಲ್ಲವೂ ಅರ್ಥಶೂನ್ಯವಲ್ಲವೆಂದು ಬ್ಯಾರಿ ಪ್ರೈಜಂಟ್, ಜುಡಿತ್ ಡುಕನ್ ಎಂಬ ಪಂಡಿತರು 1981ರಲ್ಲಿ ತೋರಿಸಿದರು. ಅದು ಬೇಡಿಕೆಯಾಗಿರಬಹುದು, ‘ಹೌದು’ ಎಂಬ ಉತ್ತರವಾಗಿರಬಹುದು, ತನ್ನನ್ನು ತಾನು ಸ್ಥಿಮಿತಕ್ಕೆ ತಂದುಕೊಳ್ಳುವ ಉಪಾಯವೂ ಆಗಿರಬಹುದು.

ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಯ ಕಾಲಕ್ಕೆ ಗೊರವಯ್ಯನು ಬಿಲ್ಲನ್ನೇರಿ “ಸದ್ದಲೇ” ಎಂದು ಕೂಗಲು ನೆರೆದ ಜನವೆಲ್ಲಾ ಮೌನವಾಗುವದು. ಅವನಾಡುವ ಕಾರಣಿಕವು ಒಂದೇ ವಾಕ್ಯ. ಅದು ಮಳೆಯ ಮಾತೋ ಬೆಳೆಯ ಮಾತೋ ಎಂದು ಊರೂರಲ್ಲಿ ಅರ್ಥ ಹುಡುಕುವರು. ಒಗಟಿನಂಥ ಮಾತಿಗೆ ಇಷ್ಟು ತಾಳ್ಮೆಯುಳ್ಳ ಸೀಮೆಯಲ್ಲಿ ಮನೆಯ ಕೂಸಿನ ಒಂದು ವಾಕ್ಯವನ್ನು ಗದರಿಸಿ ಅಡಗಿಸುವದು ನ್ಯಾಯವೋ?

ಇಲ್ಲದ ಅರ್ಥವನ್ನು ನಾವೇ ಹೊರಿಸಬಹುದಲ್ಲಾ ಎಂದು ಒಬ್ಬರು ಆಕ್ಷೇಪಿಸಾರು. ಈ ಭಯವು ಯುಕ್ತವೇ. ಆದರೆ ಕಾರಣಿಕದ ಅರ್ಥಕ್ಕೆ ವರುಷವಿಡೀ ಕಾಯಬೇಕು. ಮಗುವಿನ ಅರ್ಥವನ್ನು ಒಂದು ತಂಬಿಗೆ ನೀರಿನಿಂದ ಪರೀಕ್ಷಿಸಬಹುದು. ಕುಡಿದರೆ ಅದು ಬೇಡಿಕೆ. ನೂಕಿದರೆ ಇನ್ನೊಂದನ್ನು ಹುಡುಕಬೇಕು. ನೀರು ಕೊಡುವಾಗ ಮಗುವಿನ ಪರವಾಗಿ “ನನಗೆ ನೀರು ಬೇಕು” ಎಂದು ಮೆಲ್ಲಗೆ ನುಡಿದು ತುಸು ಕಾಯಿರಿ. ಮಾತೇ ಬಾರದವರಿಗೆ ಚಿತ್ರವೂ ಕೈಸನ್ನೆಯೂ ಮಾತಾಗುವವು.

ಈ ಸ್ಥಿತಿಯು ತಾಯಿಯ ಅಪರಾಧವಲ್ಲ, ಶಾಪವೂ ಅಲ್ಲ. ಮಾತು ತಡವಾದರೆ ಮಂತ್ರತಾಯಿತಗಳಲ್ಲಿ ಕಾಲ ಕಳೆಯದೆ ವೈದ್ಯರಿಗೆ ತೋರಿಸಿರಿ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂಥ ಮಕ್ಕಳನ್ನು ಪರೀಕ್ಷಿಸಿ ಕಲಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಟಿಸಮನ್ನೂ ಹೆಸರಿಸಿದೆ.

ವ್ಯಾಕರಣವನ್ನು ಕಲಿಸೋಣ, ಅದು ಒಳ್ಳೇದು. ಆದರೆ ಅದು ಸರಿಯಾಗುವ ತನಕ ಕಿವಿಗೊಡೆವು ಎಂಬ ಷರತ್ತನ್ನು ಯಾವ ಮಗುವಿಗೂ ಹಾಕದಿರೋಣ.