ಪಟ್ಟ ಹೋದ ಮೇಲೂ ಉಳಿಯುವ ಬಿರುದು

ಪಿತ್ರಾರ್ಜಿತ ಬಿರುದುಗಳನ್ನು ಗಣರಾಜ್ಯ ಏನು ಮಾಡಬೇಕು ಎಂಬ ಪ್ರಶ್ನೆಗೆ 1919ರಲ್ಲಿ ಅಕ್ಕಪಕ್ಕದ ಎರಡು ದೇಶಗಳು ಬೇರೆ ಬೇರೆ ಉತ್ತರ ಕೊಟ್ಟವು. ಆಸ್ಟ್ರಿಯಾ ಆ ವರ್ಷದ ಏಪ್ರಿಲ್‌ನಲ್ಲಿ ಕಾನೂನು ಮಾಡಿ ಕುಲೀನ ಪದವಿಗಳನ್ನೆಲ್ಲ ರದ್ದು ಮಾಡಿತು. ಹೆಸರಿನ ನಡುವೆ ಬರುವ ‘ಫಾನ್’ ಎಂಬ ಪುಟ್ಟ ಪದವನ್ನೂ ಉಳಿಸಲಿಲ್ಲ. ಜರ್ಮನಿಯ ವೈಮಾರ್ ಸಂವಿಧಾನದ 109ನೇ ವಿಧಿ ಹುಟ್ಟಿನಿಂದ ಬರುವ ವಿಶೇಷ ಹಕ್ಕುಗಳನ್ನು ಕಿತ್ತುಹಾಕಿತು, ಹೊಸ ಪದವಿ ಕೊಡುವುದನ್ನೂ ನಿಲ್ಲಿಸಿತು. ಆದರೆ ಇದ್ದ ಪದವಿಗಳನ್ನು ಹೆಸರಿನ ಭಾಗವಾಗಿ ಇಟ್ಟುಕೊಳ್ಳಲು ಬಿಟ್ಟಿತು. ಅದು ಬರಿಯ ಹೆಸರಾಗಿ ಉಳಿಯಲಿಲ್ಲ. ಮನೆತನದ ಹೆಣ್ಣುಮಕ್ಕಳು ಪದವಿಯ ಸ್ತ್ರೀಲಿಂಗ ರೂಪವನ್ನೇ ಬಳಸಬಹುದೆಂದು 1926ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಒಪ್ಪಿತು. ಜರ್ಮನಿಯ ಬೇರೆ ಕುಲನಾಮಗಳಿಗೆ ಆಗ ಆ ಸವಲತ್ತಿರಲಿಲ್ಲ. ಹೆಸರು ಎಂದು ಕರೆದದ್ದು ಪದವಿಯ ವ್ಯಾಕರಣವನ್ನು ಬಿಟ್ಟುಕೊಡಲಿಲ್ಲ.

ಭಾರತದ ಗಣರಾಜ್ಯ ಮೂರನೆಯ ದಾರಿ ಹಿಡಿಯಿತು. ಸಂವಿಧಾನದ 18ನೇ ವಿಧಿ ಪ್ರಭುತ್ವ ಬಿರುದು ಕೊಡುವುದನ್ನು ನಿಷೇಧಿಸಿದರೆ, ಅದೇ ಸಂವಿಧಾನದ 291 ಮತ್ತು 362ನೇ ವಿಧಿಗಳು ಸಂಸ್ಥಾನಿಕರ ರಾಜಧನವನ್ನೂ ಮರ್ಯಾದೆಗಳನ್ನೂ ಕಾಪಾಡಿದವು. ಈ ವಿರೋಧಾಭಾಸ 1971ರ 26ನೇ ತಿದ್ದುಪಡಿಯವರೆಗೆ ನಡೆಯಿತು. ಅಲ್ಲಿಂದ ಮುಂದೆ ಮಾನ್ಯತೆ ಹೋಯಿತು, ಹಣ ನಿಂತಿತು. ಸಂವಿಧಾನ ಮುಟ್ಟದೆ ಬಿಟ್ಟದ್ದು ಜನರ ನಾಲಿಗೆಯನ್ನು.

‘ಅಧಿಕಾರವೇ ಇಲ್ಲದ ಮೇಲೆ ಕರೆಯುವುದರಲ್ಲಿ ಏನು ತಪ್ಪು, ಬರಿಯ ಹೆಸರು ತಾನೇ’ ಎಂಬ ಮಾತು ಇಂದು ಎಲ್ಲೆಲ್ಲೂ ಕೇಳಿಬರುತ್ತದೆ. ಅದನ್ನು ಸಹಿಸುವುದು ಕಷ್ಟ. ಪರಂಪರೆಯ ಸೊಬಗನ್ನು ಕೊಂಡಾಡುವ, ಚಿಂತಕ ಎಡ್ಮಂಡ್ ಬರ್ಕ್‌ನ ಸಾಲಿನವರ ವಾದ ಹಳೆಯದು, ಅದನ್ನು ಇಲ್ಲಿ ಬಿಡಬಹುದು. ಈ ಮಾತಿಗೆ ನಿಜವಾದ ಬಲ ಕೊಟ್ಟವನು ಬಿರುದುಗಳ ಪರಮ ವೈರಿಯೇ ಆಗಿದ್ದ ಥಾಮಸ್ ಪೇನ್. 1791ರ ‘ರೈಟ್ಸ್ ಆಫ್ ಮ್ಯಾನ್’ನಲ್ಲಿ ಅವನು ಬಿರುದೆಂದರೆ ಅಡ್ಡಹೆಸರು, ತನ್ನಷ್ಟಕ್ಕೆ ನಿರಪಾಯಕಾರಿ ಎಂದ, ಅದನ್ನು ದೊಡ್ಡದು ಮಾಡುವುದೂ ಏನೂ ಅಲ್ಲದಂತೆ ಮಾಡುವುದೂ ಜನಾಭಿಪ್ರಾಯವೇ ಎಂದ. ಫ್ರಾನ್ಸ್ 1790ರ ಜೂನ್‌ನಲ್ಲಿ ವಂಶಪಾರಂಪರ್ಯ ಕುಲೀನತೆಯನ್ನು ರದ್ದು ಮಾಡಿದ್ದು ಅವನಿಗೆ ಪ್ರೌಢತೆಯ ಗುರುತಾಗಿ ಕಂಡಿತ್ತು. ಆದರೆ 1808ರಲ್ಲಿ ಅದೇ ಫ್ರಾನ್ಸಿನಲ್ಲಿ ನೆಪೋಲಿಯನ್ ಹೊಸ ಕೌಂಟ್‌ಗಳನ್ನೂ ಬ್ಯಾರನ್‌ಗಳನ್ನೂ ಸಾಲಾಗಿ ನಿಲ್ಲಿಸಿದ. ಹದಿನೆಂಟೇ ವರ್ಷ!

ಪೇನ್ ಲೆಕ್ಕಕ್ಕೆ ತೆಗೆದುಕೊಳ್ಳದ ಸಂಗತಿ ಹಳ್ಳಿಯೊಂದರಲ್ಲಿ ಚೆನ್ನಾಗಿ ಕಾಣುತ್ತದೆ. ಈ ಪ್ರಬಂಧ ಬರೆದವರ ತಾತ ಹಳೆ ಮೈಸೂರಿನ ಒಂದು ಊರಿನ ಪಟೇಲರು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಪಟೇಲಿಕೆ, ಶಾನುಭೋಗಿಕೆಗಳನ್ನು ಕೊನೆಗಾಣಿಸಿತು. ಕಂದಾಯದ ಲೆಕ್ಕದ ಪುಸ್ತಕ ಮನೆಯಿಂದ ಹೋಯಿತು, ‘ಪಟೇಲ್ರ ಮನೆ’ ಎಂಬ ಮಾತು ಹೋಗಲಿಲ್ಲ. ತೇರಿನ ದಿನ ಹಗ್ಗಕ್ಕೆ ಕೈ ಹಾಕುವ ಮುಂಚೆ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಮೊದಲ ವೀಳ್ಯ ಕೊಡುವುದು ಆ ಮನೆಗೇ. ಒಂದು ವರ್ಷ ಬಸ್ಸು ತಡವಾಗಿ, ಹತ್ತು ವರ್ಷದ ಮೊಮ್ಮಗ ಬಂದು ಕೈಯೊಡ್ಡುವವರೆಗೆ ಊರೆಲ್ಲ ಬಿಸಿಲಲ್ಲಿ ಕಾದಿತ್ತು. ಬಿಸಿಲಿಗೆ ವೀಳ್ಯದೆಲೆಯ ಅಂಚು ಸುರುಟಿಕೊಂಡಿತ್ತು. ಎಪ್ಪತ್ತು ದಾಟಿದ ಮುದುಕರು ‘ಬನ್ನಿ ಬುದ್ಧಿ’ ಎಂದು ದಾರಿ ಬಿಟ್ಟರು. ಅದು ನಿರಪಾಯಕಾರಿ ಎನ್ನುವವರು ಆ ಬಿಸಿಲಲ್ಲಿ ನಿಂತವರಲ್ಲ.

ಆದರೂ ಇಲ್ಲಿ ಪೇನ್‌ಗೆ ಒಂದಿಷ್ಟು ಬಿಟ್ಟುಕೊಡಬೇಕಾಗುತ್ತದೆ. ಪಟೇಲಿಕೆ ಇದ್ದಾಗ ಆ ಬಿರುದಿಗೆ ಭಾರವಿತ್ತು. ನಡುರಾತ್ರಿ ಬದುವಿನ ಜಗಳ ಹೊತ್ತು ಬಂದವರಿಗೆ ಬಾಗಿಲು ತೆರೆಯಲೇಬೇಕಿತ್ತು. ಬರದ ವರ್ಷ ಕಣಜದ ರಾಗಿ ಅಳೆದು ಕೊಡದಿದ್ದರೆ ಊರು ಮುಖಕ್ಕೆ ಹೇಳುತ್ತಿತ್ತು. ಕಾಯ್ದೆ ಹೊಣೆಯನ್ನು ಇಳಿಸಿತು, ಮರ್ಯಾದೆಯನ್ನು ಹಾಗೇ ಬಿಟ್ಟಿತು. ಹೊಣೆಯಿಲ್ಲದ ಮರ್ಯಾದೆ ಹಳೆಯದಕ್ಕಿಂತ ಕೆಟ್ಟದ್ದು. ಹಾಗಿದ್ದರೆ ಆಸ್ಟ್ರಿಯಾದಂತೆ ಹೆಸರನ್ನೇ ಕತ್ತರಿಸಬೇಕೆ? 2010ರಲ್ಲಿ ಯುರೋಪಿನ ನ್ಯಾಯಾಲಯ ಆಸ್ಟ್ರಿಯಾದ ಪರ ತೀರ್ಪು ಕೊಟ್ಟಿತು. ಜರ್ಮನಿಯಲ್ಲಿ ದತ್ತು ಹೋಗಿ ರಾಜಮನೆತನದ ಹೆಸರು ಪಡೆದಿದ್ದ ಆಸ್ಟ್ರಿಯಾದ ಮಹಿಳೆಯೊಬ್ಬರು ಅದನ್ನು ತಮ್ಮ ದೇಶದಲ್ಲಿ ಬಳಸುವಂತಿಲ್ಲ, ಸಮಾನತೆಯ ತತ್ವಕ್ಕಾಗಿ ಅಷ್ಟು ನಿರ್ಬಂಧ ಸರಿ ಎಂದಿತು. ತತ್ವ ಒಪ್ಪುವಂಥದ್ದೇ. ಆದರೆ ಕರ್ನಾಟಕದಲ್ಲಿ ಈ ಕತ್ತರಿ ಹಿಡಿದರೆ ಮೊದಲು ಸಿಗುವ ಹೆಸರುಗಳಲ್ಲಿ ದೇವರಾಜ ಅರಸು ಅವರದೂ ಒಂದು. ದೊರೆ ಎಂಬ ಅರ್ಥದ ‘ಅರಸು’ವನ್ನು ಹೆಸರಿನಲ್ಲಿ ಹೊತ್ತವರೇ ಭೂಸುಧಾರಣೆಯ ಮೂಲಕ ಗೇಣಿದಾರರಿಗೆ ನೆಲ ಕೊಡಿಸಿದರು. ಹೆಸರು ಅವರನ್ನು ತಡೆಯಲಿಲ್ಲ.

ಮೈಸೂರಿನಲ್ಲಿ ಪ್ರಶ್ನೆ ಇನ್ನೂ ತೊಡಕಾಗುತ್ತದೆ. ಈಗ ದಸರೆಯ ಅಂಬಾರಿಯಲ್ಲಿ ಕೂರುವುದು ರಾಜರಲ್ಲ, ಚಾಮುಂಡೇಶ್ವರಿ. ಅರಮನೆಯ ಒಳಗೆ ಖಾಸಗಿ ದರ್ಬಾರು ಮಾತ್ರ ಮುಂದುವರಿದಿದೆ. 2015ರಲ್ಲಿ ಅಲ್ಲಿ ಪಟ್ಟವೇರಿದ ಯದುವೀರ್ ಒಡೆಯರ್ 2024ರಲ್ಲಿ ಮತ ಪಡೆದು ಲೋಕಸಭೆಗೆ ಹೋದರು. ಬಿರುದಿನ ಬೆಲೆ ಜನಾಭಿಪ್ರಾಯ ಕೊಟ್ಟದ್ದು ಎಂಬ ಪೇನ್‌ನ ಮಾತನ್ನು ಹಿಡಿದರೆ, ಮತಪತ್ರವೂ ಜನಾಭಿಪ್ರಾಯವೇ. ಗಣರಾಜ್ಯ ತನ್ನ ಪ್ರಜೆಗಳ ಗೌರವವನ್ನು ಯಾವ ವಿಧಿಯಡಿ ತಿದ್ದಬಲ್ಲದು?

ಅದೇ ಮೊಮ್ಮಗ ದೊಡ್ಡವನಾಗಿ ಒಂದು ತೇರಿನ ದಿನ ವೀಳ್ಯ ಬೇಡವೆಂದ. ಯಾರಿಗೆ ಕೊಡಬೇಕೆಂದು ಪೂಜಾರಿಗೆ ತೋಚಲಿಲ್ಲ. ಕೇರಿಯ ಕಡೆ ಯಾರೂ ನೋಡಲಿಲ್ಲ. ತಟ್ಟೆ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಆಮೇಲೆ ಆ ವರ್ಷ ಹೊಸದಾಗಿ ಗುತ್ತಿಗೆ ಹಿಡಿದು ಹಣ ಮಾಡಿದ್ದವನ ಕಡೆ ತಿರುಗಿತು. ಮರುವರ್ಷ ಊರು ಆ ಗುತ್ತಿಗೆದಾರನಿಗಾಗಿ ಕಾಯಿತು.