ಸಾಕ್ಷಿ ನುಡಿಯುವ ಕಲ್ಲು

ಬೆಳ್ತಂಗಡಿಯ ಮೂಡಣ ಮಲೆಯ ತಪ್ಪಲಿನಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗೆರೆಯೊಳಗೆ ಸಿಲುಕಿದ ಕುತ್ಲೂರಿನಂಥ ಊರುಗಳಲ್ಲಿ ತಲೆಮಾರುಗಳಿಂದ ಗದ್ದೆ ತಿದ್ದಿ, ಬಾವಿ ತೋಡಿ, ದೈವಕ್ಕೆ ಕಲ್ಲು ಹಾಕಿ ನಂಬಿಕೊಂಡು ಬಂದ ಮಲೆಕುಡಿಯ ಬುಡಕಟ್ಟಿನವರನ್ನು, ಈ ಭೂಮಿ ನಿಮ್ಮದೆನ್ನಲು ಆಧಾರವೇನೆಂದು ಸರಕಾರವು ಕೇಳಿದರೆ, ಪಟ್ಟೆಯ ಮುಖವನ್ನೇ ಕಾಣದವರು ಏನೆಂದು ಉತ್ತರಿಸಬೇಕು? ಮೇಲ್ನೋಟಕ್ಕೆ ಇದು ಕಚೇರಿಯ ಪ್ರಶ್ನೆ. ಒಳಹೊಕ್ಕು ವಿಚಾರಿಸಿದರೆ, ಮನುಷ್ಯನಿಗೂ ಮಣ್ಣಿಗೂ ಇರುವ ಸಂಬಂಧವು ಒಡೆತನವೋ ಋಣವೋ ಎಂಬ ಧರ್ಮಜಿಜ್ಞಾಸೆ.

ವನವಾಸಿಗಳಿಗೆ ಐತಿಹಾಸಿಕ ಅನ್ಯಾಯವಾಗಿದೆಯೆಂದು ಪೀಠಿಕೆಯಲ್ಲೇ ಒಪ್ಪಿಕೊಂಡ 2006ರ ಅರಣ್ಯ ಹಕ್ಕು ಕಾಯ್ದೆಯು, 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅವರ ಅನುಭೋಗದಲ್ಲಿರುವ ಭೂಮಿಯನ್ನು ನಾಲ್ಕು ಹೆಕ್ಟೇರಿನ ಮಿತಿಯೊಳಗೆ ಮಾನ್ಯಮಾಡುತ್ತದೆ. ಅರ್ಜಿಯು ಗ್ರಾಮಸಭೆಯಲ್ಲಿ ಹುಟ್ಟಿ, ಅರಣ್ಯ ಹಕ್ಕು ಸಮಿತಿಯ ಸ್ಥಳಪರಿಶೀಲನೆಯನ್ನು ಕಂಡು, ಉಪವಿಭಾಗದ ಸಮಿತಿಯನ್ನು ದಾಟಿ, ಜಿಲ್ಲಾ ಸಮಿತಿಯ ಅಂತಿಮ ತೀರ್ಮಾನಕ್ಕೆ ಕಾಯಬೇಕು. ನನ್ನ ಮನಸ್ಸು ನಿಲ್ಲುವುದು ಆ ಕಾಯ್ದೆಯ ಸಾಕ್ಷ್ಯನಿಯಮದಲ್ಲಿ: ಕಾಗದಪತ್ರಗಳ ಸಾಲಿನಲ್ಲೇ ಹಿರಿಯರ ಹೇಳಿಕೆಯೂ ಹಳೆಯ ಬಾವಿಯೂ ಮಸಣವೂ ಪವಿತ್ರಸ್ಥಾನವೂ ಅಲ್ಲಿ ಪ್ರಮಾಣವೆಂದು ಗಣ್ಯವಾಗಿವೆ. ಅಂದರೆ ದೈವದ ಕಲ್ಲೂ ಸಾಕ್ಷಿ ನುಡಿಯಬಲ್ಲುದು.

ತುಳುನಾಡಿಗೆ ಇದು ಹೊಸತಲ್ಲ. ಬಂಟ್ವಾಳದ ಸೀಮೆಯಲ್ಲೂ ತಕರಾರುಗಳು ದೈವದ ಮುಂದೆ ಬಂದು ಕೋಲದ ನುಡಿಗೆ ತಲೆಬಾಗುತ್ತಿದ್ದುವು. ಅಲ್ಲಿ ನೆಲದ ಯಜಮಾನನು ದೈವ, ಗುತ್ತೆಂಬ ಭೂಮಾಲಿಕ ಮನೆತನದ ಹಿರಿಯನೂ ಅದರ ಒಕ್ಕಲೇ. 1430ರಲ್ಲಿ ಸಾವಿರ ಕಂಬದ ಬಸದಿಯನ್ನು ಎತ್ತಿದ ಮೂಡುಬಿದಿರೆಯ ಜೈನಧರ್ಮವು ಬೇರೊಂದು ದಾರಿಯಿಂದ ಅಪರಿಗ್ರಹವನ್ನೇ ಬೋಧಿಸಿತು. ಆದರೂ ಈ ಎರಡು ದರ್ಶನಗಳ ನೆರಳಿನಲ್ಲೇ ಭೂಮಿಯು ಕೆಲವರ ಕೈಸೇರಿತು. ದೈವವಾದ ಕೊರಗ ತನಿಯನಿಗೆ ಊರೂರಲ್ಲಿ ಹರಕೆ ಸಲ್ಲುತ್ತಿರಲು, ಬುಟ್ಟಿ ಹೆಣೆದು ಬದುಕಿದ ಆತನ ಕೊರಗ ಕುಲದ ಅನೇಕರಿಗೆ ಅಂಗೈಯಗಲ ನೆಲವಿಲ್ಲದೆ ಹೋಯಿತು. ದೈವಕ್ಕೆ ಕಟ್ಟೆ ಕಟ್ಟಿ ಆತನ ಜನರನ್ನು ಅಂಗಳದ ಹೊರಗಿರಿಸಿದ ಭಕ್ತಿಗೆ ಆ ಕಲ್ಲು ಯಾವ ಸಾಕ್ಷಿಯನ್ನು ನುಡಿದೀತು?

ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರವು ಗಂಡಹೆಂಡಿರಿಬ್ಬರ ಹೆಸರಿನಲ್ಲಿರುವುದು. ಮಕ್ಕಳಿಗೆ ಇಳಿಯುವುದು, ಆದರೆ ಮಾರಲಾಗದು. ಮಾರಿ ಕಷ್ಟ ಕಳೆಯಲಾಗದ ಭೂಮಿಯು ಬಡವನಿಗೆ ಅರೆಯೊಡೆತನವೇ ಸರಿ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸಲಾರೆ. ಆದರೂ ಮಾರಬಲ್ಲೆನೆಂಬ ಕಾರಣದಿಂದಲೇ ನೆಲವನ್ನು ನನ್ನದೆಂದು ತಿಳಿದುಕೊಂಡ ಪಟ್ಟೆದಾರನಾದ ನಾನು, ಗ್ರಾಮಸಭೆಯಲ್ಲಿ ಎದ್ದುನಿಂತು ಅಜ್ಜ ತೋಡಿದ ಬಾವಿಯನ್ನು ಹೆಸರಿಸುವ ಮಲೆಕುಡಿಯ ಹಿರಿಯನೊಬ್ಬನನ್ನು ಮನಸ್ಸಿನಲ್ಲಿ ಕಂಡಾಗಲೆಲ್ಲ, ನನ್ನ ತೋಟಕ್ಕೆ ಅಂಥ ಸಾಕ್ಷಿ ಯಾವುದಿದೆಯೆಂದು ಹುಡುಕತೊಡಗುತ್ತೇನೆ.